ಗೋಕುಲಂನ ಅಡ್ಡರಸ್ತೆಯಲ್ಲಿ ಚಕ್ರದ ಹಲಗೆ

ಮೈಸೂರಿನ ವಾಯವ್ಯ ದಿಕ್ಕಿನಲ್ಲಿರುವ ಗೋಕುಲಂ ಬಡಾವಣೆಯಲ್ಲಿ ಬೆಳಗು ದೊಡ್ಡವರದು, ಸಂಜೆ ಮಕ್ಕಳದು. ಬೀದಿಯ ದೀಪ ಆರುವ ಮೊದಲೇ, ಸುರುಳಿ ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿದ ಪರದೇಶದ ಸ್ತ್ರೀಪುರುಷರು ಯೋಗಶಾಲೆಗಳ ಕಡೆಗೆ ನಡೆಯುತ್ತಾರೆ. ಅಭ್ಯಾಸ ಮುಗಿದ ಮೇಲೆ ಎಳನೀರಿನ ಅಂಗಡಿಯ ಮುಂದೆ ಗುಂಪುಗೂಡುತ್ತಾರೆ. ಅಷ್ಟರಲ್ಲಿ ಮನೆಮನೆಯ ಮುಂದೆಯೂ ನೀರು ಚಿಮುಕಿಸಿ ರಂಗೋಲಿ ಇಟ್ಟಾಗಿರುತ್ತದೆ. ಸಂಜೆ ಐದು ದಾಟಿತೆಂದರೆ ಅದೇ ಅಡ್ಡರಸ್ತೆಗಳು ಶಾಲೆ ಬಿಟ್ಟು ಬಂದ ಮಕ್ಕಳ ವಶ. ಕ್ರಿಕೆಟ್ಟು, ಶಟಲ್ಲು, ಸೈಕಲ್ಲುಗಳ ಸಾಲಿಗೆ ಈಗ ಮತ್ತೊಂದು ವಸ್ತು ಬಂದು ಸೇರುತ್ತಿದೆ. ನಾಲ್ಕು ಪುಟ್ಟ ಚಕ್ರಗಳ ಮೇಲೆ ಕುಳಿತ ಒಂದು ಮಾರಿಗಿಂತ ಚಿಕ್ಕದಾದ ಹಲಗೆ. ಅದರ ಹೆಸರು ಸ್ಕೇಟ್‌ಬೋರ್ಡ್.

ಮೂರನೆಯ ಹಂತದ ಒಂದು ಮನೆಗೆ ಆ ಹಲಗೆ ಪ್ರವೇಶಿಸಿದ ಬಗೆ ಅನೇಕ ಮನೆಗಳ ಕಥೆಯೂ ಆಗಿರಬಹುದು. ಮನೆಯವರು ಮಹಡಿಯನ್ನು ಯೋಗ ಕಲಿಯಲು ಬಂದ ಒಂದು ಸಂಸಾರಕ್ಕೆ ಮೂರು ತಿಂಗಳ ಮಟ್ಟಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಸಂಸಾರದ ಹುಡುಗ ಪ್ರತಿ ಸಂಜೆಯೂ ಗೇಟಿನ ಮುಂದೆ ಹಲಗೆಯ ಮೇಲೆ ತೇಲಿಹೋಗುವುದನ್ನು ಮನೆಯ ಹತ್ತು ವರ್ಷದ ಹುಡುಗಿ ಕಣ್ಣರಳಿಸಿ ನೋಡಿದಳು. ಸಂಸಾರ ಸ್ವದೇಶಕ್ಕೆ ಮರಳಿತು, ಹಲಗೆಯೂ ಅವರೊಡನೆ ಹೋಯಿತು. ಆಸೆ ಮಾತ್ರ ಕೆಳಗಿನ ಮನೆಯಲ್ಲಿ ಉಳಿಯಿತು. ಹುಟ್ಟುಹಬ್ಬಕ್ಕೆ ಸೋದರಮಾವ ಆಟಿಕೆಯ ಅಂಗಡಿಯಿಂದ ಗುಲಾಬಿ ಬಣ್ಣದ ಬೋರ್ಡೊಂದನ್ನು ತಂದುಕೊಟ್ಟ. ನಾಲ್ಕನೆಯ ದಿನ ಕಡಲೆಕಾಳಿನಷ್ಟು ದಪ್ಪದ ಜಲ್ಲಿಯ ಚೂರೊಂದು ಮುಂದಿನ ಚಕ್ರಕ್ಕೆ ಅಡ್ಡವಾಯಿತು. ಹಲಗೆ ನಿಂತಿತು, ಹುಡುಗಿ ನಿಲ್ಲಲಿಲ್ಲ. ಬಲಗೈಯ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ನಾಲ್ಕು ವಾರ ಪ್ಲಾಸ್ಟರಿನಲ್ಲಿ ಕಳೆಯಬೇಕಾಯಿತು. ಅಜ್ಜಿ ಆ ದಿನವೇ ಬೋರ್ಡನ್ನು ಅಟ್ಟಕ್ಕೆ ಹಾಕಿಸಿದರು.

ಪ್ಲಾಸ್ಟರು ಬಿಚ್ಚಿದ ದಿನ ಹುಡುಗಿ ಕೇಳಿದ ಮೊದಲ ಪ್ರಶ್ನೆ ಅಟ್ಟದ ಏಣಿಯ ವಿಷಯವಾಗಿತ್ತು.

ತಂದೆ ಏಣಿ ಹತ್ತಿ ಬೋರ್ಡನ್ನು ಇಳಿಸಿದರು. ಮಗಳಿಗೆ ಕೊಡಲೆಂದಲ್ಲ, ಪರೀಕ್ಷಿಸಲೆಂದು. ಅವರು ಒಂಟಿಕೊಪ್ಪಲಿನಲ್ಲಿ ಬೆಳೆದವರು. ಗ್ಯಾರೇಜಿನಲ್ಲಿ ಎಸೆದ ಹಳೆಯ ಬೇರಿಂಗುಗಳನ್ನು ಬೇಡಿ ತಂದು, ಹಲಗೆಗೆ ಬಡಿದು, ಮೂರು ಚಕ್ರದ ಗಾಡಿ ಮಾಡಿಕೊಂಡು ಇಳಿಜಾರಿನಲ್ಲಿ ಗಡಗಡನೆ ಇಳಿದಿದ್ದವರು. ಉರುಳುವ ವಸ್ತುವಿನ ಗುಣ ಅವರಿಗೆ ಅಂಗೈಯಲ್ಲಿ ಗೊತ್ತಿತ್ತು. ಗುಲಾಬಿ ಬೋರ್ಡಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ಎರಡು ಸುತ್ತು ಬಂದು ನಿಂತಿತು. ನೆಲಕ್ಕೆ ತಟ್ಟಿದರು, ಪ್ಲಾಸ್ಟಿಕ್ ಡಬ್ಬಿಯಂತೆ ಟಕಟಕ ಎಂದಿತು. ಹಲಗೆಯ ಒಂದು ಅಂಚನ್ನು ಕಾಲಿನಿಂದ ಒತ್ತಿದರು. ಎಷ್ಟು ಒತ್ತಿದರೂ ಬೋರ್ಡು ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ಹುಡುಗಿ ಬಿದ್ದದ್ದು ಆಶ್ಚರ್ಯವಲ್ಲ, ಮೂರು ದಿನ ಬೀಳದೆ ಇದ್ದದ್ದೇ ಆಶ್ಚರ್ಯ ಎಂದು ಅವರಿಗೆ ತೋರಿತು.

ಚಕ್ರದ ಈ ಗುಟ್ಟಿಗೂ ಗೋಕುಲಂಗೂ ಒಂದು ವಿಚಿತ್ರವಾದ ನಂಟಿದೆ. ಹಾಸನದ ಕಡೆಯ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು ಮೊದಲು ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗವನ್ನು ಕಲಿಸುತ್ತಿದ್ದರು. ಗೋಕುಲಂನ ಶಾಲೆ ಆರಂಭವಾದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಅದಕ್ಕೂ ಬಹಳ ಮುಂಚೆ, 1975ರಲ್ಲಿ, ಅವರು ಮಗ ಮಂಜು ಜೋಯಿಸರೊಡನೆ ಮೊಟ್ಟಮೊದಲು ಅಮೆರಿಕಕ್ಕೆ ಹೋದರು. ಅಲ್ಲಿ ಅವರು ಪಾಠ ಹೇಳಿದ ಊರು ಕ್ಯಾಲಿಫೋರ್ನಿಯದ ಕಡಲತೀರದಲ್ಲಿರುವ ಎನ್ಸಿನೀಟಸ್. ಸ್ಕೇಟ್‌ಬೋರ್ಡಿನ ಹಣೆಬರಹ ಬದಲಾದದ್ದೂ ಅದೇ ಊರಿನಲ್ಲಿ, ಅದಕ್ಕೆ ಎರಡು ಮೂರು ವರ್ಷ ಮೊದಲು.

ಅಲೆಯೇರಿ ಆಡುವ ಕ್ಯಾಲಿಫೋರ್ನಿಯದ ಹುಡುಗರು, ಸಮುದ್ರ ಸುಮ್ಮನಿದ್ದ ದಿನಗಳಲ್ಲಿ ಹೊತ್ತು ಕಳೆಯಲು 1950ರ ದಶಕದಲ್ಲಿ ಈ ಆಟವನ್ನು ಕಂಡುಕೊಂಡರು. ಆಗ ಚಕ್ರಗಳು ಉಕ್ಕಿನವು. ಆಮೇಲೆ ಜೇಡಿಯ ಮಿಶ್ರಣದವು. ಚಿಕ್ಕ ಕಲ್ಲು ಸಿಕ್ಕರೆ ಸಾಕು, ಸವಾರ ಮುಗ್ಗರಿಸುತ್ತಿದ್ದ. 1965ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆ ಚಲಿಸುವ ಹಲಗೆಯ ಮೇಲೆ ಅಂಗೈಯೂರಿ ತಲೆಕೆಳಗಾಗಿ ನಿಂತ ಪ್ಯಾಟಿ ಮೆಗೀ ಎಂಬ ತರುಣಿಯ ಚಿತ್ರವನ್ನು ಮುಖಪುಟಕ್ಕೇರಿಸಿತು. ಗೋಕುಲಂನ ಯೋಗಪಟುಗಳು ನೋಡಿ ತಲೆದೂಗಬಹುದಾದ ಭಂಗಿ! ಆದರೆ ಗಾಯಗಳ ಭಯದಿಂದ ಆ ವರ್ಷವೇ ಅಮೆರಿಕದ ಹಲವು ಊರುಗಳು ಬೀದಿಯಲ್ಲಿ ಆಟವನ್ನು ನಿಷೇಧಿಸಿದವು. ಆಟ ಸತ್ತಂತೆಯೇ ಆಯಿತು. ಅದಕ್ಕೆ ಮರುಜೀವ ಕೊಟ್ಟವನು ಫ್ರಾಂಕ್ ನಾಸ್ವರ್ದಿ ಎಂಬ ಯುವಕ. ರಿಂಕಿನ ಸ್ಕೇಟುಗಳಿಗೆಂದು ತಯಾರಾದ ಯುರಿಥೇನ್ ಎಂಬ ಪುಟಿಯುವ ವಸ್ತುವಿನ ಚಕ್ರಗಳನ್ನು ಅವನು ತನ್ನ ಹಲಗೆಗೆ ಹಾಕಿ ನೋಡಿದ. ಕಲ್ಲಿನ ಮೇಲೂ ಅವು ಹಿಡಿತ ಬಿಡದೆ ಉರುಳಿದವು. ಎನ್ಸಿನೀಟಸ್‌ನಲ್ಲಿ ನೆಲೆಸಿ 1970ರ ದಶಕದ ಮೊದಲ ವರ್ಷಗಳಲ್ಲಿ ಅವನ್ನು ಕ್ಯಾಡಿಲಾಕ್ ಎಂಬ ಹೆಸರಿನಿಂದ ಮಾರಿದ. ಅಂದರೆ ಗುಲಾಬಿ ಬೋರ್ಡು ಮಗುವಿಗೆ ಒದಗಿಸಿದ್ದು, ಜಗತ್ತು ಅರ್ಧ ಶತಮಾನದ ಹಿಂದೆಯೇ ಕೈಬಿಟ್ಟ ಅಪಾಯವನ್ನು.

ಆದುದರಿಂದ ಮಗುವಿಗೆ ಬೋರ್ಡು ಕೊಳ್ಳುವವರು ಚಿತ್ರವನ್ನೂ ಬಣ್ಣವನ್ನೂ ಬಿಟ್ಟು ಮೊದಲು ಅದನ್ನು ಬೋರಲು ಹಾಕಿ ಚಕ್ರಗಳನ್ನು ನೋಡಬೇಕು. ಯುರಿಥೇನ್ ಚಕ್ರದ ಮೇಲೆ ಎರಡು ಅಂಕಿಗಳಿರುವುದು ವಾಡಿಕೆ. ಒಂದು ವ್ಯಾಸ, ಮಿಲಿಮೀಟರಿನಲ್ಲಿ. ಮತ್ತೊಂದು ಗಡಸುತನ, ‘ಎ’ ಅಕ್ಷರದೊಡನೆ. ನುಣುಪಾದ ಸಿಮೆಂಟಿನ ಸ್ಕೇಟ್‌ಪಾರ್ಕಿನಲ್ಲಿ ಜಿಗಿದಾಡುವವರಿಗೆ 50ರಿಂದ 54 ಮಿಲಿಮೀಟರಿನ, 95 ಎ ಮೀರಿದ ಗಟ್ಟಿ ಚಕ್ರಗಳು ಸರಿ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಸಿಗುವವೂ ಇವೇ. ಗೋಕುಲಂನ ರಸ್ತೆ ಸ್ಕೇಟ್‌ಪಾರ್ಕಲ್ಲ. ಜಲ್ಲಿ ಎದ್ದ ಡಾಂಬರು, ಚರಂಡಿಯ ಮೇಲಿನ ಕಲ್ಲುಚಪ್ಪಡಿಯ ಸಂದು, ಉದುರಿದ ಹೊಂಗೆಯ ಹೂವು, ಪಾರ್ಕಿನೊಳಗೆ ಇಟ್ಟಿಗೆಯಂತೆ ಜೋಡಿಸಿದ ಹಾಸು — ಇವೆಲ್ಲವನ್ನೂ ದಾಟಬೇಕಾದ ಚಕ್ರ ದೊಡ್ಡದಾಗಿಯೂ ಮೆದುವಾಗಿಯೂ ಇರಬೇಕು: ವ್ಯಾಸ 56ರಿಂದ 60, ಗಡಸುತನ 78ರಿಂದ 87 ಎ. ದೊಡ್ಡ ಚಕ್ರಕ್ಕೆ ಒಂದು ಎಚ್ಚರಿಕೆಯೂ ಉಂಟು. ತಿರುಗುವಾಗ ಅದು ಹಲಗೆಯ ತಳಕ್ಕೆ ತಗಲಿ ಥಟ್ಟನೆ ನಿಲ್ಲಬಹುದು. ಹಾಗಾಗದಂತೆ ಹಲಗೆಗೂ ಅಚ್ಚಿಗೂ ನಡುವೆ ದಪ್ಪ ರಬ್ಬರಿನ ಬಿಲ್ಲೆಯೊಂದನ್ನು ಸೇರಿಸುತ್ತಾರೆ. ಕೊಳ್ಳುವಾಗಲೇ ಹಾಕಿಸಿಕೊಳ್ಳುವುದು ಸುಲಭ.

ಅಚ್ಚಿಗೆ ಈ ವ್ಯಾಪಾರದಲ್ಲಿ ಟ್ರಕ್ ಎನ್ನುತ್ತಾರೆ. ಲಾರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಲೋಹದ್ದೇ ಆಗಿರಬೇಕು, ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದರೊಳಗೆ ರಬ್ಬರಿನಂತೆ ಒತ್ತಿಕೊಳ್ಳುವ ಎರಡು ಬಿಲ್ಲೆಗಳಿರುತ್ತವೆ. ಮಗು ಎಡಕ್ಕೆ ಭಾರ ಹಾಕಿದರೆ ಬಿಲ್ಲೆ ಒತ್ತಿಕೊಂಡು ಬೋರ್ಡು ಎಡಕ್ಕೆ ಹೊರಳುತ್ತದೆ. ಸ್ಕೇಟ್‌ಬೋರ್ಡಿಗೆ ಇದರ ಹೊರತು ಬೇರೆ ಸ್ಟಿಯರಿಂಗ್ ಇಲ್ಲ. ನಡುವಿನ ನಟ್ಟನ್ನು ಮೊದಲು ತುಸು ಬಿಗಿಯಾಗಿಟ್ಟು, ಮಗುವಿಗೆ ಧೈರ್ಯ ಬಂದಂತೆ ಸಡಿಲಿಸಬೇಕು. ಟ್ರಕ್ಕಿನ ಅಗಲ ಹಲಗೆಯ ಅಗಲಕ್ಕೆ ಹೆಚ್ಚು ಕಡಮೆ ಸರಿಸಮನಾಗಿರಬೇಕು.

ಹಲಗೆಯೆಂದರೆ ಒಂದೇ ಮರದ ತುಂಡಲ್ಲ. ಮೇಪಲ್ ಮರದ ಏಳು ತೆಳುಪದರಗಳನ್ನು ಅಂಟಿಸಿ ಒತ್ತಿದ್ದು ಒಳ್ಳೆಯದು. ಬಾಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ಆರರಿಂದ ಎಂಟು ವರ್ಷದ ಮಗುವಿಗೆ 7 ಅಂಗುಲದಷ್ಟು ಅಗಲ, ಒಂಬತ್ತರಿಂದ ಹನ್ನೆರಡರವರಿಗೆ 7.25ರಿಂದ 7.5, ದೊಡ್ಡ ಹುಡುಗರಿಗೆ 8 ಅಂಗುಲದ ಸುಮಾರು. ಬೆಳೆಯುವ ಮಗುವೆಂದು ಎರಡು ವರ್ಷಕ್ಕಾಗುವಂತೆ ಯೂನಿಫಾರಂ ಹೊಲಿಸುವ ಸಂಸಾರಸ್ಥರ ಜಾಣತನ ಇಲ್ಲಿ ನಡೆಯದು. ಅಗಲವಾದ ಹಲಗೆಯನ್ನು ಪುಟ್ಟ ಪಾದ ಓರೆಮಾಡಲಾರದು. ಇನ್ನು, ನಡುವೆ ಕೀಲಿದ್ದು ಎರಡೇ ಚಕ್ರದ ಮೇಲೆ ನುಲಿಯುತ್ತ ಸಾಗುವ ವೇವ್‌ಬೋರ್ಡು ಬೇರೆಯೇ ಆಟ. ಗೇಣುಗಾತ್ರ ಹೆಚ್ಚಿದಂತಿರುವ ಪ್ಲಾಸ್ಟಿಕ್ ಕಿರುಬೋರ್ಡು ಚೆಲುವಾಗಿದ್ದರೂ, ನಿಲ್ಲಲು ಜಾಗ ಕಡಮೆಯಾದ್ದರಿಂದ, ಹೊಸಬರನ್ನು ಬೇಗ ಬೀಳಿಸುತ್ತದೆ.

ಇಷ್ಟನ್ನೂ ತಿಳಿದುಕೊಂಡು ಬಂದ ತಂದೆ ಊಟದ ಹೊತ್ತಿನಲ್ಲಿ ಮಾತೆತ್ತಿದಾಗ ಅಜ್ಜಿ ಸಾರಿನ ಸೌಟನ್ನು ಕೆಳಗಿಟ್ಟರು. “ಒಂದು ಸಲ ಕೈ ಮುರಿದದ್ದು ಸಾಲದೇನೋ? ಹೆಣ್ಣುಮಗು. ತಲೆಗೆ ಪೆಟ್ಟಾದರೆ ಯಾರು ಹೊಣೆ?”

ಪ್ರಶ್ನೆ ನ್ಯಾಯವಾದದ್ದೇ. ಐದು ವರ್ಷ ತುಂಬದ ಮಕ್ಕಳು ಸ್ಕೇಟ್‌ಬೋರ್ಡ್ ಏರಲೇಬಾರದು, ಹತ್ತರವರೆಗಿನವರು ದೊಡ್ಡವರ ಕಣ್ಣಿನ ಮುಂದೆಯೇ ಆಡಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘ ಕೊಟ್ಟಿರುವ ಸಲಹೆ. ಬೀಳುವ ಮಗು ಕೈ ಮುಂದೆ ಚಾಚುವುದರಿಂದ ಮಣಿಕಟ್ಟಿಗೂ ಮುಂಗೈಗೂ ಏಟು ಬೀಳುವುದು ಹೆಚ್ಚು. ಪ್ರಾಣಕ್ಕೆ ಕುತ್ತು ಬರುವುದು ತಲೆಯ ಪೆಟ್ಟಿನಿಂದ. ತಂದೆ ಸ್ಕೂಟರಿನ ಹೆಲ್ಮೆಟ್ಟನ್ನು ತೋರಿಸಿದರು. ಅದೂ ತಪ್ಪೇ. ಅದರ ಭಾರ ಎಳೆಯ ಕತ್ತಿಗೆ ಹೆಚ್ಚು. ಇಕ್ಕೆಲದ ನೋಟಕ್ಕೂ ಕಿವಿಗೂ ಅಡ್ಡ. ಸ್ಕೇಟಿಂಗಿನ ಹೆಲ್ಮೆಟ್ ತಲೆಯ ಹಿಂಭಾಗದಲ್ಲಿ ಕೆಳಗಿನವರೆಗೂ ಇಳಿದಿರುತ್ತದೆ, ಏಕೆಂದರೆ ಹಲಗೆ ಮುಂದಕ್ಕೆ ಜಾರಿದಾಗ ಸವಾರ ಹಿಂದಕ್ಕೆ ಬೀಳುತ್ತಾನೆ. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಎಎಸ್‌ಟಿಎಂ ಎಫ್ 1492 ಎಂಬ ಗುರುತಿದೆಯೇ ಎಂದು ನೋಡಬೇಕು.

ಅಳತೆ ತೆಗೆದದ್ದು ಅಜ್ಜಿಯ ಹೊಲಿಗೆಯ ಟೇಪಿನಿಂದಲೇ. ಹುಬ್ಬಿಗಿಂತ ಒಂದು ಅಂಗುಲ ಮೇಲೆ ತಲೆಯ ಸುತ್ತ ಹಿಡಿದ ಅಳತೆ ಹೆಲ್ಮೆಟ್ಟಿನ ಅಳತೆ. ಹಾಕಿದ ಮೇಲೆ ಅದು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಗದ್ದದ ಪಟ್ಟಿಯಲ್ಲಿ ಒಂದೆರಡು ಬೆರಳಿಗಷ್ಟೇ ಜಾಗವಿರಬೇಕು. ಹುಡುಗಿ ತಲೆಯಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಮತ್ತೆ ಉಪಯೋಗಕ್ಕೆ ಬಾರದು. ದೊಡ್ಡಪ್ಪನ ಮಕ್ಕಳಿಂದ ಬಳುವಳಿಯಾಗಿ ಬಂದ ಸ್ವೆಟರಿನಂತೆ ಅದನ್ನು ಸ್ವೀಕರಿಸಲಾಗದು. ಅಂಗೈಯ ಕಡೆ ಗಟ್ಟಿ ಪಟ್ಟಿಯಿರುವ ಮಣಿಕಟ್ಟಿನ ಕವಚ, ಮೊಣಕಾಲಿಗೂ ಮೊಣಕೈಗೂ ಪ್ಯಾಡು — ಇವೂ ಬೇಕು. ಹಣ ಸಾಲದಿದ್ದರೆ ಬೋರ್ಡಿನ ದರ್ಜೆಯಲ್ಲಿ ಒಂದು ಮೆಟ್ಟಿಲು ಇಳಿಯಬಹುದು, ಹೆಲ್ಮೆಟ್ಟಿನಲ್ಲಿ ಇಳಿಯಕೂಡದು. ಒಂದೇ ಒಂದು ಉಳಿತಾಯಕ್ಕೆ ಅವಕಾಶವಿದೆ: ಡ್ರಿಲ್ಲಿಗೆ ಹಾಕುವ ಶಾಲೆಯ ಕ್ಯಾನ್ವಾಸ್ ಬೂಟು. ಚಪ್ಪಟೆಯಾದ ಅದರ ರಬ್ಬರು ತಳ ಹಲಗೆಯ ಮೇಲಿನ ಮರಳುಕಾಗದಂಥ ಹೊದಿಕೆಯನ್ನು ಚೆನ್ನಾಗಿ ಹಿಡಿಯುತ್ತದೆ.

‘ಹೆಣ್ಣುಮಗು’ ಎಂಬ ಮಾತಿಗೆ ಉತ್ತರ ಕೊಟ್ಟವಳು ಹುಡುಗಿಯೇ. ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರಲ್ಲಿ, ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸೇರಿದಾಗ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾ, ಬೆಳ್ಳಿ ಗೆದ್ದ ಬ್ರೆಜಿಲಿನ ರೈಸಾ ಲೆಯಾಲ್, ಇಬ್ಬರಿಗೂ ಹದಿಮೂರು ವರ್ಷ. ಮತ್ತೊಂದು ವಿಭಾಗದಲ್ಲಿ ಬೆಳ್ಳಿ ಪಡೆದ ಕೊಕೊನಾ ಹಿರಾಕಿಗೆ ಹನ್ನೆರಡು. ಇದಿಷ್ಟನ್ನೂ ಅವಳು ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ಅಜ್ಜಿಗೆ ಜಪಾನಿಗಿಂತ ಹೆಚ್ಚು ಹಿಡಿಸಿದ್ದು ಮಗ ಹೇಳಿದ ಮತ್ತೊಂದು ಸುದ್ದಿ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಕಟ್ಟಿಸಿದ ಸ್ಕೇಟ್‌ಪಾರ್ಕಿನಲ್ಲಿ ಎರಡು ಕಟ್ಟಳೆಗಳಿದ್ದವು: ಶಾಲೆಗೆ ಹೋಗದವರಿಗೆ ಆಟವಿಲ್ಲ; ಹೆಣ್ಣುಮಕ್ಕಳಿಗೆ ಮೊದಲ ಸರದಿ.

“ಮೊದಲನೆಯದು ಒಳ್ಳೆಯ ಕಟ್ಟಳೆ,” ಎಂದರು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, “ಎರಡನೆಯದೂ,” ಎಂದರು.

ಬೆಂಗಳೂರಿನಲ್ಲಿ 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ಯುವಕರ ತಂಡ ಹೊರದೇಶದ ಗೆಳೆಯರನ್ನು ಕೂಡಿಕೊಂಡು ಸಿಮೆಂಟಿನ ಸ್ಕೇಟ್‌ಪಾರ್ಕನ್ನು ಕಟ್ಟಿತ್ತು. ಆದರೆ ಹತ್ತು ವರ್ಷದ ಹುಡುಗಿಯ ಮೊದಲ ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ರಸ್ತೆಗೂ ಇಳಿಯಬೇಕಾಗಿಲ್ಲ. ನಡುಮನೆಯ ಜಮಖಾನದ ಮೇಲೆ ಚಕ್ರ ಉರುಳದು. ಏರುವುದು, ಇಳಿಯುವುದು, ಮಂಡಿ ಬಾಗಿಸಿ ನಿಲ್ಲುವುದು ಎಲ್ಲ ಅಲ್ಲಿಯೇ ಸಾಧ್ಯ. ಯಾವ ಕಾಲು ಮುಂದಿರಬೇಕೆಂಬುದನ್ನು ಮಗುವಿನ ಮೈಯೇ ಹೇಳುತ್ತದೆ. ಎಡವಾದರೂ ಸರಿ, ಬಲವಾದರೂ ಸರಿ, ತಿದ್ದಲು ಹೋಗಬಾರದು. ಬೀಳುವುದನ್ನೂ ಹಾಸಿಗೆಯ ಮೇಲೆ ಕಲಿಸಬೇಕು: ಕುಕ್ಕರಿಸಿ, ಪ್ಯಾಡು ಕಟ್ಟಿದ ಮೊಣಕಾಲಿನ ಮೇಲೆ ಜಾರಿ, ಇಲ್ಲವೆ ಭುಜದ ಮೇಲೆ ಉರುಳಿ, ಕೈ ನೀಟಾಗಿ ಚಾಚಿ ಅಲ್ಲ.

ರಸ್ತೆಯ ಆಯ್ಕೆಯೇ ಕೊನೆಯ ಕಷ್ಟ. ಭೂಪಟದಲ್ಲಿ ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗೆ ಕಾಂಟೂರ್ ಎಂದು ಹೆಸರು. ಗೋಕುಲಂನಲ್ಲಿ ಕಾಂಟೂರ್ ರಸ್ತೆಯೆಂದೇ ಒಂದಿದೆ. ಆ ಹೆಸರಿನ ಭರವಸೆಯ ಮೇಲೆ ಅಲ್ಲಿ ಮಗುವನ್ನು ಬಿಡುವುದು ಬೇಡ, ವಾಹನಗಳು ಬಹಳ. ತಂದೆ ಎರಡು ಸಂಜೆ ಒಂದು ಗೋಲಿಯನ್ನು ಜೇಬಿನಲ್ಲಿಟ್ಟುಕೊಂಡು ಅಡ್ಡರಸ್ತೆಗಳಲ್ಲಿ ತಿರುಗಿದರು. ನೆಲದ ಮೇಲಿಟ್ಟ ಗೋಲಿ ತಾನಾಗಿ ಓಡಿದರೆ ಆ ರಸ್ತೆ ಬೇಡ. ನಿಂತರೆ, ಮುಂದೆ ದಾರಿ ಮುಚ್ಚಿದ್ದರೆ, ಅದು ಬೇಕು. ಅಂಥದೊಂದು ರಸ್ತೆ ಮನೆಯಿಂದ ಮೂರು ತಿರುವಿನಾಚೆ ಸಿಕ್ಕಿತು. ಮನೆಗಳ ಮುಂದೆ ಬೆಳಗಿನ ರಂಗೋಲಿ ಇರುವವರೆಗೂ ಆ ಕಡೆ ಸುಳಿಯಕೂಡದೆಂದೂ, ನೀರು ಚಿಮುಕಿಸಿದ ನೆಲದ ಮೇಲೆ ಓಡಿಸಿದರೆ ಬೇರಿಂಗ್ ತುಕ್ಕು ಹಿಡಿಯುವುದೆಂದೂ ಅಲ್ಲಿನವರೊಡನೆ ಮಾತಾಯಿತು.

ಭಾನುವಾರ ಸಂಜೆ ಹೊರಡುವ ಹೊತ್ತಿಗೆ ಒಂದು ವಿಘ್ನ. ಹುಡುಗಿ ನೆತ್ತಿಯ ಮೇಲೆ ಎತ್ತಿಕಟ್ಟಿದ್ದ ಜುಟ್ಟಿನ ಮೇಲೆ ಹೆಲ್ಮೆಟ್ ಕೂರಲಿಲ್ಲ. ಮಡಕೆಯ ಮುಚ್ಚಳದಂತೆ ಮೇಲಕ್ಕೆದ್ದಿತು. ಅಜ್ಜಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ಜುಟ್ಟು ಬಿಚ್ಚಿ, ಕತ್ತಿನ ಬುಡದಿಂದ ಎರಡು ಜಡೆ ಹೆಣೆದರು. ಮತ್ತೆ ತೊಡಿಸಿದ ಹೆಲ್ಮೆಟ್ಟಿನ ಕೆಳಗೆ, ಹುಬ್ಬಿನ ಮೇಲೆ, ಎರಡು ಬೆರಳಿಟ್ಟು ನೋಡಿದರು. ಆಮೇಲೆ ತಾವೂ ಚಪ್ಪಲಿ ಮೆಟ್ಟಿಕೊಂಡು, ನೀರಿನ ಬಾಟಲಿ ಹಿಡಿದು, ಗೇಟಿನಾಚೆಗೆ ಬಂದರು.