ಎಣ್ಣೆ ಕುಡಿದ ಅಂಗಳ

ದಾವಣಗೆರೆಯಲ್ಲಿ ಮನೆ ಕಟ್ಟಿಸುವವರು ಗೇಟಿನ ಮುಂದಿನ ಇಳಿಜಾರಿಗೆ ತೋರುವ ಅಕ್ಕರೆಯನ್ನು ದೇವರ ಮನೆಗೂ ತೋರುವುದಿಲ್ಲ. ಕಾಂಕ್ರೀಟು ಹಾಕಿಸಿ, ಜಾರದಿರಲೆಂದು ಗೆರೆ ಎಳೆಸಿ, ದಿನಾ ನೀರು ಹೊಡೆದು ಗಟ್ಟಿ ಮಾಡಿರುತ್ತಾರೆ. ಗೃಹಪ್ರವೇಶದ ದಿನವೇ ನೆಂಟರೊಬ್ಬರ ಹಳೇ ಬುಲೆಟ್ಟು ಅದರ ಮೇಲೆ ಬಂದು ನಿಲ್ಲುತ್ತದೆ. ಅವರು ಹೋಳಿಗೆ ಉಂಡು ಹೋದ ಮೇಲೆ ನೋಡಿದರೆ ಅಂಗೈಯಗಲ ಕರೀ ಕಲೆ! ರಂಗೋಲಿ ಡಬ್ಬಿ ಹಿಡಿದು ಬಂದ ಮನೆಯೊಡತಿ ಆ ನೆಂಟರ ಏಳು ತಲೆಮಾರನ್ನು ನೆನೆಯುತ್ತಾಳೆ.

ಮೊದಲು ಹಾರುವುದು ಒಂದು ಬಕೆಟ್ ನೀರು. ಅಂಗೈಯಗಲ ಇದ್ದದ್ದು ಮೊರದಗಲ ಆಗುತ್ತದೆ. ಆಮೇಲೆ ಬಚ್ಚಲಿಗೆ ಸುರಿಯುವ ಆ್ಯಸಿಡ್. ಅದು ಬುಸ್ಸೆಂದು ನೊರೆಯೆದ್ದಾಗ ಕಲೆ ಸಾಯುತ್ತಿದೆ ಅನ್ನಿಸುತ್ತದೆ, ಸಾಯುತ್ತಿರುವುದು ಸಿಮೆಂಟು. ಆ್ಯಸಿಡ್ ಅದರೊಳಗಿನ ಸುಣ್ಣವನ್ನು ತಿನ್ನುತ್ತದೆಯೇ ಹೊರತು ಎಣ್ಣೆಯ ತಂಟೆಗೆ ಹೋಗುವುದಿಲ್ಲ. ಮೈ ಒರಟಾದ ನೆಲ ಮುಂದಿನ ಸಲ ಇನ್ನಷ್ಟು ಕುಡಿಯುತ್ತದೆ. ಕಾಂಕ್ರೀಟು ಹೊರಗೆ ಕಲ್ಲು, ಒಳಗೆ ಮಂಡಕ್ಕಿ; ಬರೀ ಸಣ್ಣ ಸಣ್ಣ ತೂತು. ಚಕ್ಕಡಿಯ ಕೀಲೆಣ್ಣೆ ತೊಟ್ಟಿಕ್ಕುತ್ತಿದ್ದ ಮಣ್ಣಿನಂಗಳಕ್ಕೆ ಈ ಪೇಚಾಟವೇ ಇರಲಿಲ್ಲ. ಮೇಲಿನ ಮಣ್ಣು ಕೆರೆದು ಸಗಣಿ ಸಾರಿಸಿದರೆ ಮುಗಿಯಿತು.

ಹಾಗಾದರೆ ಕಾಂಕ್ರೀಟಿಗೇನು ಮದ್ದು? ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅಲ್ಲಿ ಲೇತ್ ಮುಂದೆ ನಿಂತು ದುಡಿದವರು ಎಣ್ಣೆ ಚೆಲ್ಲಿದರೆ ನೀರು ಹುಡುಕುವುದಿಲ್ಲ, ಮರದ ಪುಡಿ ಹುಡುಕುತ್ತಾರೆ. ಅದಕ್ಕಿಂತ ಒಳ್ಳೆಯದು ಭತ್ತದ ಹೊಟ್ಟಿನ ಬೂದಿ. ಮಂಡಕ್ಕಿ ಭಟ್ಟಿಗಳ ಊರಾದ ದಾವಣಗೆರೆಯಲ್ಲಿ ಅದಕ್ಕೇನು ಬರ! ಹಸಿ ಹೊಟ್ಟು ನುಣುಪು, ಅಷ್ಟಾಗಿ ಹೀರದು. ಸುಟ್ಟು ಬೂದಿಯಾದ ಮೇಲೆ ಎಣ್ಣೆಗೆ ಹಸಿದಿರುತ್ತದೆ. ಕಲೆಯ ಮೇಲೆ ದಪ್ಪಗೆ ಸುರಿದು, ಹಳೇ ಚಪ್ಪಲಿಯಲ್ಲಿ ತಿಕ್ಕಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಗುಡಿಸಬೇಕು. ನೀರಿನ ಸರದಿ ಆಮೇಲೆ. ಬಟ್ಟೆ ಪುಡಿ, ಬಿಸಿನೀರು, ಗಟ್ಟಿ ಬ್ರಷ್ಷು.

ಬೆಣ್ಣೆ ದೋಸೆ ಹೋಟೆಲಿನ ಅಡುಗೆಮನೆ ನೆಲಕ್ಕೆ ಸೋಡಾ ಸಾಕು, ನಮ್ಮ ಅಂಗಳಕ್ಕೇಕೆ ಸಾಲದು ಎಂದು ಕೇಳಬಹುದು. ಬೆಣ್ಣೆಯೂ ಕಡಲೆಕಾಯಿ ಎಣ್ಣೆಯೂ ಕ್ಷಾರಕ್ಕೆ ಸಿಕ್ಕರೆ ಸಾಬೂನಾಗುತ್ತವೆ. ಎಂಜಿನ್ ಆಯಿಲ್ ನೆಲದಾಳದ ಎಣ್ಣೆ. ಏನು ಮಾಡಿದರೂ ಸಾಬೂನಾಗದು. ಅದನ್ನು ಹನಿಹನಿಯಾಗಿ ಒಡೆದು ನೀರಿನೊಂದಿಗೆ ಹೊರಡಿಸಲು ಡಿಟರ್ಜೆಂಟೇ ಬೇಕು. ಗ್ರೀಸ್ ಆದರೆ ಮೊದಲು ಕರಣಿಯಿಂದ ಕೆರೆಯಿರಿ. ಹಳೇ ಕಲೆಗೆ ಬೂದಿ, ಬಟ್ಟೆ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮಾರನೇ ದಿನ ಹಾಳೆ ತೆಗೆದು ಒಣಗಲು ಬಿಡಿ. ಒಣಗುತ್ತಾ ಅದು ಎಣ್ಣೆಯನ್ನು ಮೇಲೆಳೆಯುತ್ತದೆ. ಒಂದೇ ಸಲಕ್ಕೆ ಹೋಗುತ್ತದೆಂದು ಹೇಳುವವರನ್ನು ನಂಬಬೇಡಿ. ಪೆಟ್ರೋಲ್ ಸುರಿದು ಉಜ್ಜುವ ಶೂರರಿಂದ ದೂರವಿರಿ.

ಎಣ್ಣೆ ಹೀರಿದ ಬೂದಿಯನ್ನು ಚರಂಡಿಗೆ ತಳ್ಳುವುದು ನಮ್ಮ ಕೆಟ್ಟ ಚಾಳಿ. ಹರಿಹರದ ಬಳಿ ಹರಿಯುವ ತುಂಗಭದ್ರೆಯ ನೀರನ್ನೇ ದಾವಣಗೆರೆಯೂ ಕುಡಿಯುತ್ತದೆ. ಬಳಸಿದ ಆಯಿಲನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಹೆಸರಿಸಿವೆ.

ಇಷ್ಟೆಲ್ಲ ತಿಕ್ಕುವ ಮೊದಲು ಗಾಡಿ ಸೋರುವುದನ್ನು ನಿಲ್ಲಿಸಿ. ಬಹಳ ಸಲ ಡ್ರೈನ್ ಬೋಲ್ಟಿನ ವಾಷರ್ ಬದಲಿಸಿದರೆ ಸಾಕು. ಗ್ಯಾರೇಜಿಗೆ ಹೋಗಲು ಪುರಸೊತ್ತಾಗುವ ತನಕ ಗಾಡಿ ಕೆಳಗೆ ಒಂದು ರಟ್ಟನ್ನಾದರೂ ಹಾಸಿ.