ಘನೀಭಾವ

ಮನೆಯ ಪಾಲಿನ ಮಾತಿಗಾಗಿ ಕಳೆದ ಮಾಘಮಾಸದಲ್ಲಿ ನಾವು ಕಾರವಾರದಿಂದ ಅಂಕೋಲೆಗೆ ಹೊರಟೆವು. ದಾರಿಯುದ್ದಕ್ಕೂ ಕೆಂಪು ಮಣ್ಣು. ಹಳೆಯ ಮನೆಗಳ ಗೋಡೆಗಳೂ ಅದೇ ಬಣ್ಣದ ಚಿರೇಕಲ್ಲು. ನೆಲದೊಳಗಿರುವಾಗ ಕೊಡಲಿಗೆ ಮಣಿಯುವಷ್ಟು ಮೆದುವಾದ ಈ ಕಲ್ಲು, ಗಾಳಿಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವುದು. ಮಳೆಯ ನೀರು ಕರಗುವ ಅಂಶಗಳನ್ನು ತೊಳೆದೊಯ್ಯಲು, ಉಳಿದ ಕಬ್ಬಿಣದ ಅಂಶವು ಕಣಗಳನ್ನು ಬೆಸೆಯುವುದೇ ಇದರ ಮರ್ಮ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ಇದನ್ನು ‘ಲ್ಯಾಟರೈಟ್’ ಎಂದು 1807ರ ತನ್ನ ಗ್ರಂಥದಲ್ಲಿ ಕರೆದನು.

ಚದರಿದ್ದು ಕೂಡಿ ಗಟ್ಟಿಯಾಗುವುದನ್ನು ಸಂಸ್ಕೃತದಲ್ಲಿ ಘನೀಭಾವವೆನ್ನುವರು. ಅಂಕೋಲೆಗೆ ಈ ಮಾತು ಹೊಸದಲ್ಲ. ಕಡಲ ನೀರು ಆರಿ ಉಪ್ಪಾಗುವುದೂ ಅದೇ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದಾಗ, ಬೇರೆ ಬೇರೆ ಜಾತಿ ವೃತ್ತಿಗಳ ಜನರೂ ಹಾಗೆಯೇ ಕೂಡಿದರು. ಮುಂದೆ ಕರನಿರಾಕರಣೆಯಲ್ಲಿ ಭೂಮಿ ಕಳೆದುಕೊಂಡರೂ ರೈತರು ಬಿರಿಯಲಿಲ್ಲ.

ಇದನ್ನೆಲ್ಲ ಮೂವತ್ತು ವರ್ಷ ಹುಡುಗರಿಗೆ ಹೇಳಿದ ನಾವು, ಅಂಗಳದ ನಡುವೆ ಗೋಡೆಯೆಬ್ಬಿಸುವ ಕರಾರುಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ತಮ್ಮನ ಬಾಗಿಲಿಗೆ ಬಂದಿದ್ದೆವು! ಅವನು ಕಾಲಿಗೆ ನೀರು ಕೊಟ್ಟು, “ಅಣ್ಣಾ, ಗೋಡೆಗೆ ಕಲ್ಲು ತರಿಸಿದ್ದೇನೆ” ಎಂದನು. ಮೂಲೆಯಲ್ಲಿ ಹೊಸ ಚಿರೇಕಲ್ಲುಗಳು ಇನ್ನೂ ಹಸಿಯಾಗಿದ್ದವು.

“ಇವುಗಳಿಂದ ಬಾವಿಯ ಕಟ್ಟೆ ಕಟ್ಟಿಸೋಣ, ನೀರು ಇಬ್ಬರಿಗೂ ಬೇಕಷ್ಟೆ” ಎಂದೆವು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಊಟಕ್ಕೆ ಎರಡೆಲೆ ಹಾಕುವಂತೆ ಒಳಗೆ ಕೂಗಿ ಹೇಳಿದನು.