ವ್ಯವಹಾರದ ಮೊದಲನೆಯ ಪಾದ

ಮನೆಯೊಳಗೆ ಕೋರ್ಟಿನ ಮಾತನ್ನೆತ್ತುವುದು ಅಮಂಗಳವೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಊಟದ ಹೊತ್ತಿನಲ್ಲಿ ಯಾರಾದರೂ ದಾವೆಯ ಹೆಸರೆತ್ತಿದರೆ ನಮ್ಮ ತಾತನವರು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲಿಯೇ ಇಟ್ಟುಬಿಡುವರು. ಆದರೂ ಗೃಹಸ್ಥರು ಓದುವ ಈ ಪತ್ರಿಕೆಯಲ್ಲಿ ಆ ಮಾತನ್ನೇ ಎತ್ತಲು ತೊಡಗಿರುವೆನು. ಕೋರ್ಟಿನ ಬಾಗಿಲಿಗೆ ನಾವು ಹೋಗದಿದ್ದರೂ ಅದು ಒಂದಲ್ಲ ಒಂದು ದಿನ ನಮ್ಮ ಬಾಗಿಲಿಗೆ ಬರಬಹುದು. ಹಾಗೆ ಬಂದಾಗ ನಾನು ಮಾಡಿದ ತಪ್ಪನ್ನು ವಾಚಕರಲ್ಲಿ ಯಾರೂ ಮಾಡಬಾರದೆಂಬುದೇ ಈ ಬರಹದ ಉದ್ದೇಶ.

ನಮ್ಮೂರು ಕೊಳ್ಳೇಗಾಲ. ತಾತನವರ ಕಾಲದಲ್ಲಿ ಇದು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ಇಂದು ತಾನೇ ತಾಲ್ಲೂಕಾಗಿರುವ ಹನೂರು ಅಂದು ಇದರೊಳಗೆಯೇ ಇದ್ದಿತು. ನೆರೆಯ ಯಳಂದೂರಾದರೋ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು, ಮೈಸೂರು ಸಂಸ್ಥಾನದ್ದು. ಎರಡೂ ಊರುಗಳ ಜನರು ಒಂದೇ ಸಂತೆಯಲ್ಲಿ ಕೊಳ್ಳುವರು, ಒಬ್ಬರ ಮನೆಯಿಂದ ಮತ್ತೊಬ್ಬರು ಹೆಣ್ಣು ತರುವರು. ನ್ಯಾಯದ ದಾರಿ ಮಾತ್ರ ಬೇರೆ ಬೇರೆ. ಕೊಳ್ಳೇಗಾಲದವನ ವ್ಯಾಜ್ಯವು 1862ರಲ್ಲಿ ಸ್ಥಾಪಿತವಾದ ಮದರಾಸಿನ ಹೈಕೋರ್ಟಿಗೂ, ಹಣಬಲವಿದ್ದರೆ ಅಲ್ಲಿಂದ ಲಂಡನ್ನಿನ ಪ್ರೀವಿ ಕೌನ್ಸಿಲಿಗೂ ಏರಬಹುದಾಗಿತ್ತು. ಯಳಂದೂರಿನವನದು 1884ರಲ್ಲಿ ಏರ್ಪಟ್ಟ ಮೈಸೂರಿನ ಚೀಫ್ ಕೋರ್ಟನ್ನು ಮುಟ್ಟಿ ಸಂಸ್ಥಾನದೊಳಗೆಯೇ ಮುಗಿಯುತ್ತಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲವೂ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಈ ಭೇದವು ಅಳಿಯಿತು. ತಾತನವರ ಪೆಟ್ಟಿಗೆಯಲ್ಲಿ ಮಾತ್ರ ಕೆಂಪು ವಸ್ತ್ರದಲ್ಲಿ ಕಟ್ಟಿದ ಒಂದು ಗಂಟು ಕಾಗದ ಉಳಿದಿದ್ದಿತು. ಅದರಲ್ಲಿ ಅರ್ಧ ಇಂಗ್ಲಿಷು, ಅರ್ಧ ತಮಿಳು. ಅವರಿಗೆ ಬರುತ್ತಿದ್ದುದು ಕನ್ನಡ ಮತ್ತು ಸಂಧ್ಯಾವಂದನೆಗೆ ಸಾಲುವಷ್ಟು ಸಂಸ್ಕೃತ. ತಮ್ಮ ಗದ್ದೆಯ ಗತಿಯನ್ನು ನಿರ್ಣಯಿಸಿದ ಆ ಕಾಗದಗಳನ್ನು ಅವರು ಆಯುಧಪೂಜೆಯ ದಿನ ಹೊರಗೆ ತೆಗೆದು ಕುಂಕುಮವಿಟ್ಟು ಮತ್ತೆ ಒಳಗಿಡುತ್ತಿದ್ದರು. ಓದಿದುದನ್ನು ನಾನು ಕಾಣೆನು.

ಮುಂದೆ ನಾನು ಸಂಸ್ಕೃತವನ್ನು ಕ್ರಮವಾಗಿ ಓದಿದೆನು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನೂ ಅದಕ್ಕೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರವನ್ನೂ ಗುರುಗಳು ಪಾಠ ಹೇಳಿದರು. ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅವನ ಗ್ರಂಥದ ದಾಯಭಾಗವನ್ನು ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿದನು. ಅಂದಿನಿಂದ ಆಂಗ್ಲ ನ್ಯಾಯಾಧೀಶರು ಹಿಂದೂ ಕುಟುಂಬಗಳ ಆಸ್ತಿಯನ್ನು ಪಾಲುಮಾಡುವಾಗ ಆ ಅನುವಾದವನ್ನೇ ನೆಚ್ಚಿದರು. ನಮ್ಮ ಗ್ರಂಥವೇ ಪರಭಾಷೆಯ ವೇಷದಲ್ಲಿ ನಮಗೆ ತೀರ್ಪು ಹೇಳಿದ ವಿಚಿತ್ರವಿದು. ಆ ಗ್ರಂಥದಲ್ಲಿ ವ್ಯವಹಾರಕ್ಕೆ, ಎಂದರೆ ದಾವೆಗೆ, ನಾಲ್ಕು ಪಾದಗಳನ್ನು ಹೇಳಿದೆ: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ವಾದಿಯು ತನ್ನ ಅಹವಾಲನ್ನು ಹೇಳಿಕೊಳ್ಳುವುದು ಭಾಷಾ; ಪ್ರತಿವಾದಿಯು ಮಾರುತ್ತರ ಕೊಡುವುದು ಉತ್ತರ; ಸಾಕ್ಷ್ಯವು ಕ್ರಿಯಾ; ಕೊನೆಯದು ಫಲ. ದಾವೆಯ ಮೊದಲನೆಯ ಕಾಲಿನ ಹೆಸರೇ ಭಾಷೆ ಎಂಬುದನ್ನು ಬಹುಕಾಲ ನಾನು ಪದಾರ್ಥವಾಗಿ ಮಾತ್ರ ಬಲ್ಲವನಾಗಿದ್ದೆನು.

ಅದರ ಅರ್ಥವನ್ನು ಕಲಿಸಿದವರು ನಮ್ಮ ಸೋದರತ್ತೆ. ಅವರು ಯಳಂದೂರಿಗೆ ಕೊಟ್ಟ ಹೆಣ್ಣು, ಮಕ್ಕಳಿಲ್ಲದೆ ವಿಧವೆಯಾದವರು. ಸುವರ್ಣಾವತಿ ಹೊಳೆಯ ಬಯಲಿನಲ್ಲಿ ಗಂಡನ ಪಾಲಿನ ತುಂಡು ಗದ್ದೆಯೊಂದೇ ಅವರ ಜೀವನಾಧಾರ. ಭಾವಮೈದುನರು ಅದನ್ನು ಬಿಡಲೊಲ್ಲದೆ ಹೋಗಲು ದಾವೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ವಿಚಾರಣೆ ಕನ್ನಡದಲ್ಲಿ ನಡೆಯಿತು. ಅತ್ತೆ ಕಟ್ಟೆಯ ಮೇಲೆ ನಿಂತು ತಮ್ಮ ಸಂಗತಿಯನ್ನು ತಾವೇ ಹೇಳಿದರು, ಗೆದ್ದರು. ಎದುರು ಪಕ್ಷದವರು ಬೆಂಗಳೂರಿನ ಹೈಕೋರ್ಟಿಗೆ ಹೋದರು. ಕೆಲವು ಕಾಲದ ಮೇಲೆ ಇಂಗ್ಲಿಷಿನ ನೋಟೀಸೊಂದು ಬಂದಿತು. ಅತ್ತೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ನನ್ನ ಮುಂದಿಟ್ಟರು. ಆಗ ನಾನು ಮೂವತ್ತರ ಆಸುಪಾಸಿನ ಉಪಾಧ್ಯಾಯ. ತಿಳಿಯದೆಂದು ಹೇಳುವುದು ಅವಮಾನವೆಂದು ಭಾವಿಸಿದ್ದ ವಯಸ್ಸು. ನೋಡಿದವನೇ, "ಗೆದ್ದಾಗಿದೆಯಲ್ಲ ಅತ್ತೆ, ಅವರು ಮೇಲಕ್ಕೆ ಹೋಗಿದ್ದಾರೆ ಎಂದು ತಿಳಿಸುವ ಕಾಗದ ಇದು, ಅಷ್ಟೇ," ಎಂದುಬಿಟ್ಟೆನು. ಅದು ಉತ್ತರವನ್ನು ಬೇಡುವ ಕಾಗದವಾಗಿತ್ತು. ವ್ಯವಹಾರದ ಎರಡನೆಯ ಪಾದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನಾನು, ಅದು ಮನೆಯ ಜಗುಲಿಗೆ ಬಂದು ಕುಳಿತಾಗ ಗುರುತಿಸದೆ ಹೋದೆನು.

ಅತ್ತೆಯ ಪರವಾಗಿ ಯಾರೂ ಹಾಜರಾಗಲಿಲ್ಲ. ಮೇಲ್ಮನವಿಯ ತೀರ್ಪು ಅವರಿಗೆ ವಿರುದ್ಧವಾಯಿತು. ಗೈರುಹಾಜರಿಯಲ್ಲಿ ತೀರ್ಮಾನವಾದ ಮೇಲ್ಮನವಿಯನ್ನು ತಕ್ಕ ಕಾರಣ ತೋರಿಸಿ ಮತ್ತೆ ಕೇಳಬೇಕೆಂದು ಮೂವತ್ತು ದಿನಗಳೊಳಗೆ ಅರ್ಜಿ ಹಾಕಬಹುದೆಂಬುದೂ ನನಗೆ ಅಂದು ತಿಳಿಯದು. ಗದ್ದೆ ಹೋದ ಸುದ್ದಿ ಕೇಳಿ ಅತ್ತೆ ನನ್ನನ್ನು ಬಯ್ಯಲಿಲ್ಲ. "ಓದಿದ ನಿನಗೇ ತಿಳಿಯದೆ ಹೋದರೆ, ಆ ಕಾಗದ ಯಾರಿಗೆ ಅಂತ ಬರೆದರಪ್ಪಾ?" ಎಂದು ಮಾತ್ರ ಕೇಳಿದರು. ಇದು 1994ನೆಯ ಇಸವಿಯ ಮಾತು. ಅವರು ತಮ್ಮ ಕೊನೆಯ ದಿನಗಳನ್ನು ನಮ್ಮ ಮನೆಯಲ್ಲಿಯೇ ಕಳೆದರು.

ಅತ್ತೆಯ ಪ್ರಶ್ನೆಯು ಅವರೊಬ್ಬರದಲ್ಲ. ಅದಕ್ಕೆ ಉತ್ತರ ಹುಡುಕುವ ಯತ್ನದಲ್ಲಿ ಪರದೇಶಗಳ ಕೈಯೂ ಇದೆಯೆಂಬುದನ್ನು ನಾನು ತಡವಾಗಿ ತಿಳಿದೆನು. 1990ರಲ್ಲಿ ಕ್ಯೂಬಾ ದೇಶದ ಹವಾನಾ ನಗರದಲ್ಲಿ ಕೂಡಿದ ವಿಶ್ವಸಂಸ್ಥೆಯ ಸಮ್ಮೇಳನವು ವಕೀಲವೃತ್ತಿಯನ್ನು ಕುರಿತು ಮೂಲತತ್ತ್ವಗಳನ್ನು ಅಂಗೀಕರಿಸಿ, ಬಡವರಿಗೂ ವಕೀಲರು ದೊರೆಯುವಂತೆ ಹಣವೊದಗಿಸುವುದು ಸರ್ಕಾರಗಳ ಕರ್ತವ್ಯವೆಂದು ಸಾರಿತು. ನಮ್ಮ ರಾಜ್ಯದಲ್ಲಿಯೇ 1986ರ ಕಾಯಿದೆಯಿಂದ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆಯು ಹುಟ್ಟಿತು. ಡಾ. ಎನ್. ಆರ್. ಮಾಧವ ಮೆನನ್ನರು ಅದರ ಮೊದಲ ನಿರ್ದೇಶಕರು. 1988ರಲ್ಲಿ ಮೊದಲ ತಂಡದ ಪಾಠ ಆರಂಭವಾಯಿತು. ವಕೀಲವೃತ್ತಿಯನ್ನು ಬೇರಿನಿಂದಲೇ ತಿದ್ದಬೇಕೆಂಬ ಈ ಪ್ರಯತ್ನಕ್ಕೆ ಭಾರತದ ವಕೀಲರ ಪರಿಷತ್ತೂ ರಾಜ್ಯ ಸರ್ಕಾರವೂ ಆಸರೆಯಾದುವು. ಅಮೆರಿಕದ ಫೋರ್ಡ್ ಪ್ರತಿಷ್ಠಾನವೂ ಧನಸಹಾಯ ಮಾಡಿತು. ಮುಂದೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಕೇಂದ್ರದ ನ್ಯಾಯ ಇಲಾಖೆಯೊಡನೆ ಕೂಡಿ ಬಿಹಾರ, ಒಡಿಶಾ ಮೊದಲಾದ ರಾಜ್ಯಗಳಲ್ಲಿ ಬಡಜನರಿಗೆ ನ್ಯಾಯದ ಬಾಗಿಲು ತೋರಿಸುವ ಕೆಲಸಕ್ಕೆ ನೆರವಾಯಿತು.

ಈ ಸಹಾಯವನ್ನು ಹಗುರಾಗಿ ಎಣಿಸಬಾರದು. ಬಾವಿ ತೋಡುವಾಗ ನೆರೆಯವನು ಹಾರೆ ಕೊಟ್ಟರೆ ಅದು ಉಪಕಾರವೇ ಸರಿ. ಬೆಂಗಳೂರಿನ ಶಾಲೆಯಿಂದ ದೇಶದ ನಾನಾ ಕಡೆ ಅಂಥ ಕಾನೂನು ವಿಶ್ವವಿದ್ಯಾಲಯಗಳು ಹುಟ್ಟಿದುವು. ವಕೀಲನೆಂದರೆ ಮತ್ತಾವ ಕೆಲಸವೂ ಸಿಗದವನೆಂಬ ಹಳೆಯ ಹಾಸ್ಯವು ಅಡಗಿತು. ಆದರೆ ಅಲ್ಲಿ ಕಲಿತವರಲ್ಲಿ ಬಹುಮಂದಿ ದೊಡ್ಡ ಕಂಪೆನಿಗಳ ಕೆಲಸಕ್ಕೆ ಹೋದರೇ ಹೊರತು ತಾಲ್ಲೂಕು ಕೋರ್ಟಿನ ಬೇವಿನ ನೆರಳಿಗೆ ಬಂದವರು ವಿರಳ. ಹಾರೆಯನ್ನು ನೆರೆಯವನು ಕೊಡಬಹುದು. ನೀರನ್ನು ನಮ್ಮ ಮನೆಗೆ ನಾವೇ ಹೊರಬೇಕು.

ಹಾಗೆ ಹೊರುವವರನ್ನು ನಾನು ಕಣ್ಣಾರೆ ಕಂಡಿರುವೆನು. ನಿವೃತ್ತನಾದ ಮೇಲೆ ಒಮ್ಮೆ ಕೊಳ್ಳೇಗಾಲದಲ್ಲಿ ಲೋಕ ಅದಾಲತ್ತು ನಡೆಯುತ್ತಿದ್ದಾಗ ನೋಡಲು ಹೋದೆನು. ಹನೂರಿನ ಆಚೆ ಮಹದೇಶ್ವರ ಬೆಟ್ಟದ ತಪ್ಪಲಿನಿಂದ ಬಂದ ಹೆಂಗಸೊಬ್ಬಳು, ಗಂಡನು ಅಪಘಾತದಲ್ಲಿ ಸತ್ತ ಪರಿಹಾರದ ಸಂಬಂಧ, ರಾಜಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಕುಳಿತಿದ್ದಳು. ಪಕ್ಕದಲ್ಲಿ ಕಾನೂನು ಸೇವಾ ಸಮಿತಿಯು ಖರ್ಚಿಲ್ಲದೆ ಒದಗಿಸಿದ ತರುಣ ವಕೀಲೆ. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ! ಅವಳು ಶಾಯಿಯ ಡಬ್ಬಿಯನ್ನು ದೂರ ಸರಿಸಿ, ಕಾಗದದ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ, "ಈಗ ನಾನು ಹೇಳಿದ್ದನ್ನು ನೀವು ನನಗೆ ತಿರುಗಿ ಹೇಳಿ, ಅಕ್ಕಾ," ಎಂದಳು. ಆ ಹೆಂಗಸು ಹೇಳಿದಳು. ಒಂದು ಕಡೆ ತಪ್ಪಿತು. ವಕೀಲೆ ಮತ್ತೆ ಬಿಡಿಸಿ ಹೇಳಿದಳು. ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿಯಿಲ್ಲವೆಂಬುದನ್ನೂ ತಿಳಿಸಿ ಆಮೇಲೆ ಹೆಬ್ಬೆಟ್ಟು ಒತ್ತಿಸಿದಳು. ಆ ಕಾಲುಗಂಟೆಯ ಹೊತ್ತು ನಾನು ಕಂಬಕ್ಕೊರಗಿ ನಿಂತಿದ್ದೆನು. ನಮ್ಮ ಅತ್ತೆಗೆ ಬೇಕಾಗಿದ್ದುದು ಇಷ್ಟೇ, ಕಾಲುಗಂಟೆ.

ವಿದ್ಯಾರ್ಥಿನಿಯು ಹೊರಗೆ ಬಂದು ನಮಸ್ಕರಿಸಿದಾಗ, "ತಿರುಗಿ ಹೇಳಿಸುವುದನ್ನು ಯಾವ ಕಾಲೇಜಿನಲ್ಲಿ ಕಲಿಸಿದರಮ್ಮಾ?" ಎಂದು ಕೇಳಿದೆನು. "ನಿಮ್ಮ ತರಗತಿಯಲ್ಲೇ, ಸಾರ್. ಸುಭಾಷಿತದ ಅರ್ಥ ಹೇಳಿ ನಮ್ಮಿಂದ ತಿರುಗಿ ಹೇಳಿಸುತ್ತಿದ್ದಿರಲ್ಲ!" ಎಂದಳು. ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಶಾಲೆಯಲ್ಲಿ ನಿತ್ಯವೂ ಮಾಡುತ್ತಿದ್ದುದನ್ನು ಅತ್ತೆಯ ಕಾಗದದ ವಿಷಯದಲ್ಲಿ ನಾನು ಮಾಡಿರಲಿಲ್ಲ.

ಹೈಕೋರ್ಟಿನ ಭಾಷೆ ಸಂವಿಧಾನದ 348ನೆಯ ಅನುಚ್ಛೇದದಂತೆ ಇಂದಿಗೂ ಇಂಗ್ಲಿಷೇ. 2019ರಿಂದ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡದಲ್ಲಿಯೂ ದೊರೆಯುತ್ತಿರುವುದು ಶುಭಸೂಚನೆ. ಅಷ್ಟರಲ್ಲಿ ಗೃಹಸ್ಥರು ಮಾಡಬಹುದಾದುದೊಂದಿದೆ. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯಿದೆಯು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ನಮ್ಮ ಅತ್ತೆಗೆ ಅದು ಒಂದು ವರ್ಷ ತಡವಾಯಿತು. ಅದರಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ವರಮಾನವನ್ನು ಕೇಳದೆಯೇ ಉಚಿತವಾಗಿ ವಕೀಲರ ನೆರವು ಸಲ್ಲುವುದು. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. 15100 ಎಂಬ ಸಂಖ್ಯೆಗೆ ದೂರವಾಣಿಯನ್ನೂ ಮಾಡಬಹುದು.

ಈಗಲೂ ನೆರೆಹೊರೆಯವರು ಕಾಗದ ಹಿಡಿದು ನಮ್ಮ ಜಗುಲಿಗೆ ಬರುವುದುಂಟು. ಓದಿ ತಿಳಿದಷ್ಟನ್ನು ಹೇಳುವೆನು. ಅವರಿಂದ ತಿರುಗಿ ಹೇಳಿಸುವೆನು. ತಿಳಿಯದ ಕಡೆ, "ಇದು ನನಗೆ ತಿಳಿಯದು, ನಡೆಯಿರಿ, ತಿಳಿದವರ ಬಳಿಗೆ ಹೋಗೋಣ," ಎಂದು ಚಪ್ಪಲಿ ಮೆಟ್ಟುವೆನು. ಈ ಒಂದು ವಾಕ್ಯವನ್ನು ಮೂವತ್ತು ವರ್ಷಗಳ ಹಿಂದೆ ಕಲಿತಿದ್ದರೆ ಸುವರ್ಣಾವತಿಯ ಬಯಲಿನ ಆ ಗದ್ದೆಯಲ್ಲಿ ನಮ್ಮ ಅತ್ತೆ ಇನ್ನೊಂದು ಸುಗ್ಗಿಯನ್ನು ಕಾಣುತ್ತಿದ್ದರೋ ಏನೋ.